ಪ್ರಶ್ನೆ ಹಾಕುವಾಗ ದೇಶದ ಹೆಸರೂ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಮನಸ್ಸಿನ ಮೇಲೆ ಕೆಲಸ ಮಾಡುವ ಗಿಡಗಳ ಬಗ್ಗೆ ಇಲ್ಲಿ "ಈ ಗಿಡ ಲೀಗಲ್ಲಾ?" ಅಂತಷ್ಟೇ ಕೇಳಿದರೆ ಉತ್ತರ ಹೇಳೋದು ಕಷ್ಟ. ಚುರುಕಾಗಲು ಜಗಿಯುವ ಖಾಟ್ ಎಲೆಯನ್ನೇ ನೋಡಿ. ಇಥಿಯೋಪಿಯಾದಲ್ಲಿ ಸಂತೆಯಲ್ಲೇ ಮಾರುತ್ತಾರೆ, ಬ್ರಿಟನ್ನಿನಲ್ಲಿ 2014ರಿಂದ ನಿಷೇಧ. ಕ್ರಾಟಮ್ (ಆಗ್ನೇಯ ಏಷ್ಯಾದ ಒಂದು ಮರದ ಎಲೆ) ಕಥೆ ಉಲ್ಟಾ: ಥಾಯ್ಲೆಂಡ್ 2021ರಲ್ಲಿ ಅದನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಕ್ರಾಟಮ್ ಸ್ವಲ್ಪ ತಗೊಂಡರೆ ಚುರುಕು, ಜಾಸ್ತಿಯಾದರೆ ಮಂಪರು. ಮೆದುಳಿನಲ್ಲಿ ಅಫೀಮು ಕೆಲಸ ಮಾಡುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ, ಹಾಗಾಗಿ ಚಟ ಹತ್ತಬಹುದು. ಎಲೆ ತಾನೇ ಅಂತ ಸುಮ್ನೆ ನಂಬಬೇಡಿ. ಪೆಸಿಫಿಕ್ ದ್ವೀಪಗಳ ಕಾವಾ ಗಿಡದ ಬೇರಿನ ಪಾನಕ ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ, ಮೈ ಸಡಿಲವಾಗುತ್ತದೆ. ಲಿವರ್ ತೊಂದರೆ ಇರುವವರು, ಮದ್ಯ ಕುಡಿಯುವವರು, ನಿದ್ದೆ ಮಾತ್ರೆ ನುಂಗುವವರು ಅದರ ತಂಟೆಗೆ ಹೋಗಬೇಡಿ. (ಕಾಫಿಯೂ ಮನಸ್ಸಿನ ಮೇಲೆ ಕೆಲಸ ಮಾಡುವ ಗಿಡವೇ, ಅಲ್ವಾ?) ಎಷ್ಟು ತಗೋಬೇಕು, ಎಲ್ಲಿ ಸಿಗುತ್ತದೆ ಅನ್ನೋ ಮೆಸೇಜು ಬಂದರೆ ಅಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.