ಮಡಿಕೇರಿ ಬಸ್ಸಿನ ಕಂಡಕ್ಟರ್ ಅಣ್ಣನಿಗೆ

ಕಕ್ಕಡ ತಿಂಗಳ ಮಳೆ. ವಿರಾಜಪೇಟೆಯಿಂದ ಬಂದು ಮಡಿಕೇರಿಯಲ್ಲಿ ಇಳಿದಾಗ ನನ್ನ ಬ್ಯಾಗು ಸೀಟಿನಲ್ಲೇ ಉಳಿದಿತ್ತು. ಅದರೊಳಗಿನ ಹಾರ್ಡ್‌ಡಿಸ್ಕಿನಲ್ಲಿ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್. ಬೇರೆ ಕಾಪಿ ಇರಲಿಲ್ಲ. ನಮ್ಮದು ಡಾರ್ಕ್‌ವೇವ್. 1980ರ ಆಸುಪಾಸಿನಲ್ಲಿ ಯುರೋಪಿನಲ್ಲಿ ಪೋಸ್ಟ್‌ಪಂಕ್ ಅನ್ನೋ ರಾಕ್ ಸಂಗೀತದ ಬೆನ್ನಿಗೇ ಬೆಳೆದ, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಜಾಸ್ತಿ ಇರುವ ಮಂಕು ಸಂಗೀತ. ನಮ್ಮೂರ ಮಂಜಿಗೆ ಹೇಳಿ ಮಾಡಿಸಿದ್ದು, ಅಲ್ವಾ?

ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೊರಟುಹೋಗಿತ್ತು. ಕೈಕಾಲು ಆಡಲಿಲ್ಲ.

ಸಂಜೆ ವಾಪಸ್ ಬಂದ ನೀವೇ ನನ್ನನ್ನು ಹುಡುಕಿಕೊಂಡು ಬಂದಿರಿ. ಬ್ಯಾಗಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಎರಡು ಗಂಟು ಹಾಕಿ, ಜರ್ಕಿನ್ ಒಳಗೆ ಇಟ್ಟುಕೊಂಡಿದ್ದಿರಿ. ನಿಮ್ಮ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬ್ಯಾಗಿಗೆ ಒಂದು ಹನಿಯೂ ತಾಗಿರಲಿಲ್ಲ.

"ಎಲ್ಲಾ ಸರಿ ಇದೆಯಾ ನೋಡ್ಕೊಳ್ಳಿ" ಅಂದಿರಿ. ಹೆಸರು ಕೇಳುವಷ್ಟರಲ್ಲಿ ಸೀಟಿ ಊದಿ ಬಸ್ಸು ಹತ್ತಿದಿರಿ.

ರಾತ್ರಿ ಡಿಸ್ಕ್ ಹಾಕಿ ನೋಡಿದೆ. ಒಂಬತ್ತೂ ಹಾಡು ಇದ್ದವು. ತುಂಬಾ ಥ್ಯಾಂಕ್ಸ್ ಅಣ್ಣ.