ಅಪ್ಪನ ಜೊತೆ ಕೂತು ಉಣ್ಣು

ಯಾಮಾಗಾತ, ಜಪಾನ್

ಅಮ್ಮನಿಗೆ ನಮಸ್ಕಾರ. ನಾನು ಇಲ್ಲಿ ಕ್ಷೇಮ. ಅಲ್ಲೂ ಎಲ್ಲ ಕ್ಷೇಮ ಅಂದುಕೊಂಡಿದ್ದೆ, ನಿನ್ನ ಕಾಗದ ಓದುವ ತನಕ.

ಎಮ್ಮೆ ಕರು ಹಾಕಿದ್ದನ್ನು ಒಂದು ಪುಟ ಬರೆದು, ಅಪ್ಪನ ಕಾಲಿನ ಗಾಯ ಒಣಗಿಲ್ಲ ಅನ್ನೋದನ್ನ ಕೊನೇ ಸಾಲಿಗೆ ಇಟ್ಟಿದ್ದೀಯಲ್ಲಮ್ಮ! ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಸಣ್ಣದಲ್ಲ. ನರ ಮಂದವಾದರೆ ನೋವೇ ಗೊತ್ತಾಗುವುದಿಲ್ಲ. ‘ನೋವಿಲ್ಲ, ಸುಮ್ನಿರು’ ಅಂತ ಅವರು ಅಂದರೆ ಅದೇ ಜಾಸ್ತಿ ಭಯ. ಈ ವಾರವೇ ಹಾಸನಕ್ಕೆ ಕರೆದುಕೊಂಡು ಹೋಗು. ಮೂರು ತಿಂಗಳ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯನ್ನೂ ಮಾಡಿಸು. ಪುಟ್ಟನ ಖಾತೆಗೆ ದುಡ್ಡು ಹಾಕಿದ್ದೇನೆ. ಹೊಲಕ್ಕೆ ಬರಿಗಾಲಲ್ಲಿ ಹೋಗಲು ಬಿಡಬೇಡ.

ನನ್ನ ಊಟದ ಬಗ್ಗೆ ನೀನು ಕೊರಗಬೇಡ. ಮಧ್ಯಾಹ್ನ ಶಾಲೆಯಲ್ಲೇ, ಮಕ್ಕಳ ಜೊತೆ. ಮೇಷ್ಟ್ರುಗಳಿಗೆ ಪುಕ್ಕಟೆ ಇಲ್ಲ, ತಿಂಗಳಿಗೆ ಇಷ್ಟು ಅಂತ ಕಟ್ಟುತ್ತೇವೆ. ಅನ್ನ, ತರಕಾರಿ ಸಾರು, ಮೀನು, ಜೊತೆಗೆ 200 ಮಿಲಿ ತಣ್ಣನೆ ಹಾಲು. ಹೌದು, ಮೀನು ಅನ್ನದ ಜೊತೆಗೇ ಹಾಲು. ನಗಬೇಡ. ಯುದ್ಧ ಮುಗಿದ ಮೇಲೆ ಇಲ್ಲಿ ಶಾಲೆ ಊಟ ಅಂದರೆ ಅಮೆರಿಕದ ಗೋಧಿಯ ಬ್ರೆಡ್ಡು, ಹಾಲಿನ ಪುಡಿ. ಅನ್ನ ಸರ್ಕಾರಿ ಲೆಕ್ಕದಲ್ಲಿ ಸೇರಿದ್ದು 1976ರಲ್ಲಿ. ಬ್ರೆಡ್ಡು ಕಮ್ಮಿಯಾಯಿತು, ಹಾಲು ಮಾತ್ರ ಹೋಗಲಿಲ್ಲ. ಯಾವ ದಿನ ಏನು ಹಾಕುತ್ತಾರೆ ಅಂತ ತಿಂಗಳ ಪಟ್ಟಿ ಮೊದಲೇ ಕೊಡುತ್ತಾರೆ. ದನದ ಮಾಂಸ, ಹಂದಿ ಮಾಂಸ ಇರುವ ದಿನ ನಾನು ಡಬ್ಬಿ ತಗೊಂಡು ಹೋಗುತ್ತೇನೆ. ಅತ್ತೆ ಕೇಳಿದರೆ ಹೀಗೇ ಹೇಳು.

ಇಲ್ಲಿ ಬಡಿಸುವವರು ಮಕ್ಕಳೇ. ಸರದಿ ಬಂದವರು ಬಿಳಿ ಅಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಪಾತ್ರೆಗಳನ್ನು ತರಗತಿಗೆ ಹೊತ್ತು ತರುತ್ತಾರೆ. ಎಲ್ಲರಿಗೂ ಬಡಿಸಿ ಆಗುವ ತನಕ ಒಬ್ಬರೂ ಮುಟ್ಟುವುದಿಲ್ಲ. ಆಮೇಲೆ ಕೈ ಜೋಡಿಸಿ ಒಟ್ಟಿಗೆ ಶುರು. ಏನಾದರೂ ಮಿಕ್ಕಿದರೆ ಕಲ್ಲು-ಕಾಗದ-ಕತ್ತರಿ ಆಟ ಆಡಿ ಗೆದ್ದವರಿಗೆ ಕೊಡುತ್ತಾರೆ. ಮೊನ್ನೆ ನಾನೂ ಆಡಿ ಸೋತೆ. ಆ ನಗು ನೋಡಬೇಕಿತ್ತು ನೀನು. ಹೆಡ್ ಮಾಸ್ಟರ್ ಮಾತ್ರ ಮಕ್ಕಳಿಗಿಂತ ಅರ್ಧ ಗಂಟೆ ಮೊದಲೇ ಉಂಡು ನೋಡಬೇಕು. ಊಟ ಸರಿ ಇದೆಯಾ ಅಂತ ಪರೀಕ್ಷೆ. 2003ರಲ್ಲಿ ನಮ್ಮ ಕಡೆಗೆ ಬಿಸಿಯೂಟ ಬಂದಾಗ, ಮೇಷ್ಟ್ರಾಗಿದ್ದ ಅಪ್ಪ ಮೊದಲ ತುತ್ತು ತಾವು ಉಂಡೇ ಆಮೇಲೆ ಬಡಿಸಿ ಅನ್ನುತ್ತಿದ್ದರಲ್ಲ, ಅದೇ. ಅವರಿಗೆ ಹೇಳು. ಜಪಾನಿನ ಮೊದಲ ಶಾಲೆ ಊಟ 1889ರಲ್ಲಿ ಇದೇ ಯಾಮಾಗಾತದ ತ್ಸುರುಓಕ ಊರಲ್ಲಿ, ಒಂದು ಬೌದ್ಧ ದೇವಸ್ಥಾನದ ಶಾಲೆಯಲ್ಲಿ ಶುರುವಾಯಿತಂತೆ. ಬಡ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಮೀನು, ಉಪ್ಪಿನಕಾಯಿ. ಕೇಳಿದರೆ ಅಪ್ಪನಿಗೆ ಖುಷಿಯಾಗುತ್ತೆ.

ಪಾಠ ಮಾಡುವಾಗ ಈ ಮಕ್ಕಳು ನನ್ನ ಮುಖ ನೋಡುವುದೇ ಕಷ್ಟ. ತಟ್ಟೆ ಮುಂದೆ ಕೂತರೆ ಬಾಯಿ ಬಿಡುತ್ತಾರೆ. ದಿನಕ್ಕೊಂದು ತರಗತಿಯಲ್ಲಿ ಕೂರುತ್ತೇನೆ. ಯಾರಿಗೆ ತಮ್ಮ ಹುಟ್ಟಿದ, ಯಾರ ಅಜ್ಜಿ ಹೋದರು, ಎಲ್ಲ ಅಲ್ಲೇ ಗೊತ್ತಾಗುವುದು. ನನ್ನ ಜಪಾನಿ ಭಾಷೆ ಅಷ್ಟಕ್ಕಷ್ಟೇ, ಆದರೂ ಸಾಕಾಗುತ್ತೆ. ಮುದ್ದೆ ಮುರಿಯುವುದು ಹೇಗೆ ಅಂತ ಅನ್ನದ ಉಂಡೆಯಲ್ಲಿ ತೋರಿಸಿದೆ. ಅಗಿಯದೆ ನುಂಗಬೇಕು ಅಂದಾಗ ಯಾರೂ ನಂಬಲಿಲ್ಲ.

ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ ತರಕಾರಿ ಮುಟ್ಟುವುದೇ ಇಲ್ಲ. ಅವಳ ಟೀಚರ್ ಬೈಯಲಿಲ್ಲ. ತನ್ನ ತಟ್ಟೆ ತಗೊಂಡು ಬಂದು ಅವಳ ಪಕ್ಕ ಕೂತು, ಬೇಕಂತಲೇ ನಿಧಾನಕ್ಕೆ ತಿಂದರು. ಹುಡುಗಿ ಅರ್ಧ ತಿಂದಳು. ಆಗ ನನಗೆ ಅಪ್ಪನ ನೆನಪಾಯಿತು. ಇಷ್ಟು ವರ್ಷ ನೂರಾರು ಮಕ್ಕಳ ನಡುವೆ ಕೂತು ಉಂಡವರು. ರಿಟೈರ್ ಆದ ಮೇಲೆ ಖಾಲಿ ಮನೆಯಲ್ಲಿ ಒಬ್ಬರೇ ಹಾಕಿಕೊಂಡು ಉಣ್ಣು ಅಂದರೆ ಹೇಗಮ್ಮ? ಅದಕ್ಕೇ ಮೂರು ಗಂಟೆ ತನಕ ಮುಂದೂಡಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಕ್ಕರೆ ಟೀ ಕುಡಿಯುವುದು. ಮಾತ್ರೆ ಒಂದು ಹೊತ್ತಿಗೆ, ಊಟ ಇನ್ನೊಂದು ಹೊತ್ತಿಗೆ ಆದರೆ ಸಕ್ಕರೆ ಹತೋಟಿಗೆ ಬರುವುದಾದರೂ ಹೇಗೆ?

ನೀನು ಎಲ್ಲರಿಗೂ ಬಡಿಸಿ, ಕೊನೆಗೆ ಒಲೆ ಮುಂದೆ ಒಬ್ಬಳೇ ಉಣ್ಣುವುದನ್ನು ಬಿಡು. ಒಂದು ಗಂಟೆಗೆ ಇಬ್ಬರೂ ಒಟ್ಟಿಗೆ ಕೂತುಕೊಳ್ಳಿ. ಹೊಲದ ಕೆಲಸ ಒಂದು ಗಂಟೆ ತಡವಾದರೆ ಏನೂ ಮುಳುಗಿ ಹೋಗುವುದಿಲ್ಲ. ಚಿಕ್ಕಪ್ಪನ ಮೊಮ್ಮಕ್ಕಳನ್ನು ಭಾನುವಾರ ಊಟಕ್ಕೆ ಕರೆ. ಅವರಿಗೆ ಬಡಿಸುತ್ತಾ ಅಪ್ಪ ತಾವೂ ಎರಡು ತುತ್ತು ಜಾಸ್ತಿ ಸೊಪ್ಪು ತಿನ್ನುತ್ತಾರೆ.

ನನಗೆ ಏನೂ ತೊಂದರೆ ಇಲ್ಲ. ಚಳಿ ಇದೆ, ಹೀಟರ್ ಇದೆ. ನೆಗಡಿ ಇಲ್ಲ. ಸೊರಗಿಲ್ಲ, ದಪ್ಪ ಆಗಿದ್ದೇನೆ, ಫೋಟೋ ಪುಟ್ಟನಿಗೆ ಕಳಿಸಿದ್ದೇನೆ. ರಾತ್ರಿ ಮಾತ್ರ ಒಬ್ಬಳೇ ಊಟ, ಅದೂ ರೂಢಿಯಾಗಿದೆ, ನಿಜವಾಗಲೂ. ಬೆಂಗಳೂರಿನ ಹುಡುಗನ ವಿಷಯ ಆಮೇಲೆ ನೋಡೋಣ, ಮೊದಲು ಅಪ್ಪನ ಕಾಲು ವಾಸಿಯಾಗಲಿ. ಡಾಕ್ಟರ್ ಏನಂದರು ಅಂತ ಅವತ್ತೇ ಪುಟ್ಟನ ಕೈಲಿ ಫೋನ್ ಮಾಡಿಸು. ಬಸ್ಸಿಗೆ ಹೊತ್ತಾಯಿತು, ಬರಲಾ.

ನಿನ್ನ ಮಗಳು

ಮಾತ್ರೆ ಚೀಟಿಯ ಫೋಟೋ ಕೂಡ ಕಳಿಸಿ.