ಸ್ಟೂಲು ಎಳೆದು ಕೂತುಕೋ, ಮಾಣಿ

ಶಿರಸಿ

ಚಿ. ಮಾಣಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುತ್ತಿಲ್ಲ, ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಬಾಕಿ ಇದೆ. ನೀನು ಕಾರವಾರದಲ್ಲಿ ಡಾಕ್ಟರ್ ಓದು ಮುಗಿಸಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟಿದ್ದೀಯೆಂದು ನಿನ್ನ ಅಪ್ಪ ಫೋನ್ ಮಾಡಿದ್ದ. ತುಂಬಾ ಸಂತೋಷವಾಯಿತು. 1973ರಿಂದ ಎಷ್ಟೋ ಬಡವರು ಹುಡುಕಿಕೊಂಡು ಹೋಗಿರುವ ಜಾಗ ಅದು. ನಿನಗೊಂದು ಮಾತು ಹೇಳಬೇಕಿತ್ತು. ಫೋನಿನಲ್ಲಾದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಾವನಿಗೆ ಬಾಯಿ ಕ್ಯಾನ್ಸರ್ ಎಂದು ಗೊತ್ತಾದಾಗ ನೀನು ಹೈಸ್ಕೂಲಿನಲ್ಲಿದ್ದೆ. ಅವತ್ತು ನಡೆದದ್ದನ್ನು ನಿನಗೆ ಯಾರೂ ಹೇಳಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದೆವು. ಯಾವ ಆಸ್ಪತ್ರೆ ಎಂಬುದು ಬೇಡ. ಡಾಕ್ಟರು ನಿಂತುಕೊಂಡೇ ಫೈಲು ತಿರುವಿದರು. ಮಾವನ ಮುಖ ನೋಡಲಿಲ್ಲ. ನಿನ್ನ ಭಾವನಿಗೆ ಹೇಳಿದರು: “ಬಯಾಪ್ಸಿ ಪಾಸಿಟಿವ್ ಬಂದಿದೆ, ಸ್ಟೇಜ್ ಮೂರು.” ಆಮೇಲೆ ಮಾವನ ಕಡೆ ತಿರುಗಿ, “ಅಷ್ಟು ವರ್ಷ ಎಲೆಯಡಿಕೆ ಕವಳ ಹಾಕಿದರೆ ಮತ್ತೇನಾಗ್ತದೆ?” ಅಂದರು. ಎರಡು ನಿಮಿಷ ಆಗಿರಬಹುದು, ಅಷ್ಟೇ.

ನನಗೆ ಪಾಸಿಟಿವ್ ಅಂದರೆ ಒಳ್ಳೇದು ಎಂದೇ ತೋರಿತು. ಬಸ್ ಸ್ಟ್ಯಾಂಡಿನಲ್ಲಿ ಅವರ ಕೈಗೆ ಚಾ ಕೊಡುತ್ತಾ “ದೇವರು ದೊಡ್ಡವನು, ಏನೂ ಇಲ್ವಂತೆ” ಅಂದೆ. ನಿನ್ನ ಭಾವ ಆ ಕಡೆ ಮುಖ ಮಾಡಿಕೊಂಡ. ಪಾಸಿಟಿವ್ ಅಂದರೆ ರೋಗ ಇದೆ ಎಂದು ಆಗ ಗೊತ್ತಾಯಿತು.

ಡಾಕ್ಟರು ಸುಳ್ಳು ಹೇಳಲಿಲ್ಲ, ನಿಜ. ಹೊಗೆಸೊಪ್ಪು ಮಾತ್ರ ಅಲ್ಲ, ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ ಎಂದು ನೀನೇ ಹೇಳಿದ್ದೆ. ಅಡಿಕೆ ಬೆಳೆದು ಉಣ್ಣುವ ಮನೆಯವಳು ನಾನು, ಇದನ್ನು ಬರೆಯಲು ಸಂಕಟವಾಗುತ್ತದೆ. ಆದರೆ ಆ ಮಾತಿಗೆ ಅದು ಹೊತ್ತಾಗಿರಲಿಲ್ಲ. ಅವತ್ತಿನಿಂದ ಮಾವ ನೋವು ಅನ್ನುವುದನ್ನೇ ಬಿಟ್ಟರು. ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದರು. ಕೇಳಿದರೆ, ತಾನೇ ಮಾಡಿಕೊಂಡದ್ದಲ್ವಾ ಅನ್ನುತ್ತಿದ್ದರು.

ನಾವೂ ತಪ್ಪು ಮಾಡಿದೆವು. ಮುಂದಿನ ಸಲ ನಿನ್ನ ಭಾವ ಡಾಕ್ಟರ ಹತ್ತಿರ ಮೊದಲೇ ಹೋಗಿ, “ಅಪ್ಪಯ್ಯಂಗೆ ಏನೂ ಹೇಳಬೇಡಿ, ಎದೆ ಒಡೆದುಕೊಳ್ತಾರೆ” ಅಂದ. ಪ್ರೀತಿಯಿಂದಲೇ ಅಂದದ್ದು. ನಿನ್ನ ಹತ್ತಿರವೂ ದಿನಾ ಯಾರಾದರೂ ಹೀಗೆ ಕೇಳಿಕೊಳ್ಳುತ್ತಾರೆ. ಅವರನ್ನು ಗದರಬೇಡ. ಆದರೆ ಹೂಂ ಅಂತಲೂ ಅನ್ನಬೇಡ. ರೋಗಿಗೆ ಎಲ್ಲಾ ಗೊತ್ತಿರುತ್ತದೆ. ಮನೆಯವರೆಲ್ಲ ಪಿಸುಗುಟ್ಟುವಾಗ ಗೊತ್ತಾಗದೇ ಇರುತ್ತದಾ? ಗೊತ್ತಿದ್ದದ್ದನ್ನು ಒಬ್ಬರೇ ಹೊತ್ತುಕೊಂಡು ಮಲಗಬೇಕು, ಅದು ರೋಗಕ್ಕಿಂತ ಕಷ್ಟ.

ಕರೆಂಟು ಕೊಡುವ, ಅಂದರೆ ರೇಡಿಯೇಷನ್ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು. ಸ್ಟೂಲು ಎಳೆದು ಮಾವನ ಎದುರಿಗೇ ಕೂತರು. “ನಿಮಗೆ ಏನಾಗಿದೆ ಅಂತ ಅಂದುಕೊಂಡಿದ್ದೀರಿ?” ಎಂದು ಕೇಳಿದರು. ಮಾವ ನೆಲ ನೋಡುತ್ತಾ “ಕ್ಯಾನ್ಸರ್” ಅಂದರು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ ಮೊದಲಿಗರು ಅವರೇ. “ಎಲ್ಲಾ ವಿವರ ನಿಮಗೇ ಹೇಳಲಾ, ಮಗನಿಗೆ ಹೇಳಲಾ?” “ನನಗೇ ಹೇಳಿ.” ಅಷ್ಟಾದ ಮೇಲೆ ಮಾವ ಕೇಳಿದ್ದೇನು ಗೊತ್ತಾ? ಮೊಮ್ಮಗಳನ್ನು ಎತ್ತಿಕೊಂಡರೆ ಮಗುವಿಗೆ ತಾಗುತ್ತದಾ ಅಂತ. ಎರಡು ತಿಂಗಳಿಂದ ಅವರು ಆ ಕೂಸನ್ನು ಮುಟ್ಟಿರಲಿಲ್ಲ. ಬೇಸರದಲ್ಲಿದ್ದಾರೆ ಎಂದು ನಾವು ಸುಮ್ಮನಿದ್ದೆವು. ಇದು ಅಂಟುವ ರೋಗ ಅಲ್ಲ ಎಂಬ ಒಂದು ಮಾತು ಯಾರೂ ಹೇಳಿರಲಿಲ್ಲ. ಕರೆಂಟು ಅಂದರೆ ಶಾಕ್ ಹೊಡೆಯುತ್ತದೆ ಎಂಬ ಹೆದರಿಕೆಯೂ ಇತ್ತು. ವಾರಕ್ಕೆ ಐದು ದಿನ, ಆರೇಳು ವಾರ, ಮಲಗಿದಾಗ ಏನೂ ಗೊತ್ತಾಗುವುದಿಲ್ಲ, ಆಮೇಲೆ ಬಾಯಿ ಹುಣ್ಣಾಗುತ್ತದೆ, ಊಟ ಕಷ್ಟ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಡಿಕೆ ಕೊನೆಕೊಯ್ಲಿಗೆ ಯಾರು ನಿಲ್ಲಬೇಕು ಎಂದು ಮಾವ ಅವತ್ತೇ ಲೆಕ್ಕ ಹಾಕಿದರು. ಮನೆಗೆ ಬಂದು ಕೂಸನ್ನು ಎತ್ತಿಕೊಂಡರು.

ಹೋದ ಸಲ ಬಂದಾಗ ನೀನು ಹೇಳಿದ್ದೆ, ಬೇಲ್, ಬಕ್‌ಮನ್ ಎಂಬ ಡಾಕ್ಟರುಗಳು 2000ದಲ್ಲಿ ಕೆಟ್ಟ ಸುದ್ದಿ ಹೇಳಲು ಆರು ಹೆಜ್ಜೆ ಬರೆದಿದ್ದಾರೆ ಅಂತ. ಕೂರುವ ಜಾಗ ನೋಡು, ಅವರಿಗೆ ಏನು ಗೊತ್ತು ಕೇಳು, ಎಷ್ಟು ತಿಳಿಯಬೇಕು ಕೇಳು, ಆಮೇಲೆ ಹೇಳು, ಅಳುವವರ ಜೊತೆ ಇರು, ಮುಂದೇನು ಎಂದು ಸೇರಿ ಯೋಚಿಸು. ಆ ಡಾಕ್ಟರಮ್ಮ ಮಾಡಿದ್ದು ಅದೇ. ಹೇಳುವ ಮುಂಚೆ ಎರಡು ಸಲ ಕೇಳುವುದಿದೆ ನೋಡು, ಅದನ್ನು ಮಾತ್ರ ಎಷ್ಟು ಗಡಿಬಿಡಿಯಿದ್ದರೂ ಬಿಡಬೇಡ. ಓಪಿಡಿಯಲ್ಲಿ ನೂರು ಜನ ಇರುತ್ತಾರೆ, ನನಗೆ ಗೊತ್ತು. ಆದರೂ ಕೂರಲಿಕ್ಕೆ ಜಾಸ್ತಿ ಹೊತ್ತು ಬೇಡ.

ನಮ್ಮ ಕಡೆಯವರು ಬಂದರೆ ಭಾಷೆಯನ್ನೂ ನೋಡಿಕೋ. ಕಾರವಾರದ ಮೀನು ಮಾರುವ ಹೆಂಗಸಿಗೆ ಕೊಂಕಣಿಯಲ್ಲಿ ಹೇಳು, ನಿನಗೆ ಬರುತ್ತದಲ್ವಾ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಅಜ್ಜಿ ಸುಮ್ನೆ ತಲೆ ಆಡಿಸಿದರೆ ಅರ್ಥವಾಯಿತು ಎಂದು ತಿಳಿಯಬೇಡ. ಮನೆಗೆ ಹೋಗಿ ಮಕ್ಕಳಿಗೆ ಏನು ಹೇಳುತ್ತೀ ಎಂದು ಅವಳ ಬಾಯಲ್ಲೇ ಹೇಳಿಸು.

ಗುಣವಾಗದ ಹೊತ್ತೂ ಬರುತ್ತದೆ. ಆಗ “ಇನ್ನು ಮಾಡುವುದು ಏನೂ ಇಲ್ಲ” ಎಂಬ ಮಾತು ನಿನ್ನ ಬಾಯಿಂದ ಬಾರದಿರಲಿ. ನಮಗೆ ಹಾಗೆ ಹೇಳಿ ಕಳಿಸಿದ್ದರು. 1967ರಲ್ಲಿ ಲಂಡನ್ನಿನಲ್ಲಿ ಹಾಸ್ಪಿಸ್, ಅಂದರೆ ಗುಣವಾಗದವರನ್ನು ಕೊನೆತನಕ ನೋಡಿಕೊಳ್ಳುವ ಮನೆ, ಕಟ್ಟಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರಂತೆ. ನೋವು ಮೈಯದು ಮಾತ್ರ ಅಲ್ಲ, ಮನಸ್ಸಿನದು, ಮನೆಯದು, ದೇವರ ಮೇಲಿನ ಸಿಟ್ಟೂ ಅದರಲ್ಲಿದೆ ಎಂದು ಕಂಡವರು. ಮಾಡಲು ಎಷ್ಟೊಂದು ಉಳಿದಿರುತ್ತದೆ ನೋಡು! ಮಾವನ ನೋವಿಗೆ ಔಷಧಿ ಇತ್ತು, ಅದನ್ನು ಕೇಳುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಚೌತಿಗೆ ತಪ್ಪದೆ ಬಾ. ಅಡಿಕೆ ಲೆಕ್ಕದ ಪುಸ್ತಕವೊಂದನ್ನು ನಿನಗಾಗಿ ತೆಗೆದಿಟ್ಟಿದ್ದೇನೆ. ಡಾಕ್ಟರ ಹತ್ತಿರ ಕೇಳಬೇಕೆಂದು ಮಾವ ಅದರ ಹಿಂದಿನ ಹಾಳೆಯಲ್ಲಿ ಹನ್ನೊಂದು ಪ್ರಶ್ನೆ ಬರೆದಿದ್ದಾರೆ. ಆ ಡಾಕ್ಟರಮ್ಮನ ಹತ್ತಿರ ಕೇಳಿದ ನಾಲ್ಕಕ್ಕೆ ಗೆರೆ ಹೊಡೆದಿದ್ದಾರೆ. ಉಳಿದ ಏಳನ್ನು ನೀನು ಓದಬೇಕು.

ಇಂತಿ,
ನಿನ್ನ ಅತ್ತೆ